ವೈಟ್‌ಫೀಲ್ಡಿನ ಗುಂಡಿಗೆ ಡಾಂಬರು, ನಮ್ಮ ಗುಂಡಿಗೆ ಭತ್ತ

ರಸ್ತೆಗಳ ಉಸ್ತುವಾರಿ ಹೊತ್ತ ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ಇದು ಹೊಟ್ಟೆಕಿಚ್ಚಿನ ಪತ್ರ. ಬೆಂಗಳೂರಿನ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು ಅವರಿಗೇ ಇರಲಿ, ಮೆಟ್ರೊ ಕೂಡ ಇರಲಿ. ನನ್ನ ಹೊಟ್ಟೆ ಉರಿಸಿದ್ದು ಅಲ್ಲಿನ ಒಂದು ರಸ್ತೆಗುಂಡಿ. ಏಕೆಂದರೆ ನನ್ನ ಅಕ್ಕ ಆರ್ಜೂ ಹೆರಿಗೆಗೆ ಹೋಗಬೇಕಾದ ವಳಕಮದಿನ್ನಿ-ಸಿಂಧನೂರು ದಾರಿಯಲ್ಲಿ ಅದರ ನಾಲ್ಕರಷ್ಟು ದೊಡ್ಡದೊಂದು ಬಾಯ್ತೆರೆದು ಕೂತಿದೆ.

ನಮ್ಮಮ್ಮನ ತಂಗಿ, ನನ್ನ ಖಾಲಾ ಹಸೀನಾಬೀ ವೈಟ್‌ಫೀಲ್ಡಿನ ಕಂಪನಿಯೊಂದರ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಜೂನ್‌ನಲ್ಲಿ ಅವಳಲ್ಲಿಗೆ ಹೋದಾಗ ಕಣ್ಣಾರೆ ಕಂಡೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವನೊಬ್ಬ ಗುಂಡಿಯಲ್ಲಿ ಹೂಕುಂಡವಿಟ್ಟು ಫೋಟೊ ತೆಗೆದ. ಮರುದಿನ ಡಾಂಬರು ಬಂತು, ರೋಲರ್ ಬಂತು, ಹೂಕುಂಡವನ್ನು ಜೋಪಾನವಾಗಿ ಎತ್ತಿಡಲು ಒಬ್ಬ ಮನುಷ್ಯನೂ ಬಂದ. "ಈ ಊರಾಗ ಗುಂಡಿಗೂ ನಸೀಬ್ ಐತಿ ನೋಡಬೇ" ಎಂದಳು ಖಾಲಾ.

ಊರಿಗೆ ಬಂದು ನಾವೂ ಹಾಗೇ ಮಾಡಿದೆವು. ಆಗಸ್ಟ್‌ನಲ್ಲಿ ಕಾಲುವೆಗೆ ನೀರು ಬಂದು ಎಲ್ಲೆಡೆ ನಾಟಿ ನಡೆದಾಗ, ಹೆಂಗಸರೆಲ್ಲ ಸೇರಿ ನಮ್ಮ ದಾರಿಯ ಗುಂಡಿಯಲ್ಲಿ ಭತ್ತದ ಸಸಿ ಹಚ್ಚಿದೆವು. ತಪ್ಪಾಗಿದ್ದು ಅಲ್ಲೇ. ನಾಟಿ ಗುಂಪಿನ ಹಿರಿಯಳು ಗದ್ದೆಮ್ಮ ಸಾಲು ತಪ್ಪಲು ಬಿಡಲಿಲ್ಲ. "ಪ್ರತಿಭಟನಿ ಆದ್ರೇನಬೇ, ಸೊಟ್ಟ ಹಚ್ಚಾಕ ನನ್ನ ಕೈ ಬರಂಗಿಲ್ಲ" ಎಂದಳು. ಆಮೇಲೆ ಹೋಗಿಬರುವಾಗ ಒಬ್ಬಳು ಕಳೆ ಕಿತ್ತಳು, ಇನ್ನೊಬ್ಬಳು ಹಿಡಿ ಗೊಬ್ಬರ ಎರಚಿದಳು. ಪೈರು ಮೊಣಕಾಲೆತ್ತರ ಬಂದ ಮೇಲೆ ತಮ್ಮ ಕಚೇರಿಯ ಸಾಹೇಬರೊಬ್ಬರು ದಯಮಾಡಿಸಿದರು. "ಛಲೋ ಬಂದೈತ್ರೀ! ನಿಂತ ಬೆಳಿ ಮ್ಯಾಲೆ ಡಾಂಬರ್ ಹಾಕಿ ಪಾಪ ಕಟ್ಕೊಳ್ಲೇನು? ಕೊಯ್ಲು ಆಗ್ಲಿ" ಎಂದು ಜೀಪು ಹತ್ತಿದರು.

ಅನ್ನ ಉಣ್ಣುವ ವೈಟ್‌ಫೀಲ್ಡಿಗೆ ಒಂದು ದಿನ, ಅನ್ನ ಬೆಳೆಯುವ ನಮಗೆ ಒಂದು ಹಂಗಾಮೇ, ಮಾನ್ಯರೇ? ಹೊಟ್ಟೆ ಉರಿಯದೆ ಏನಾಗಬೇಕು?

ಆರ್ಜೂಗೆ ಈಗ ಎಂಟು ತುಂಬಿದೆ. ಕಳೆದ ವಾರ ತಪಾಸಣೆಗೆ ಹೋಗುವಾಗ ಆಟೊ ಆ ಗುಂಡಿಗೆ ವಾಲಿತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅವಳು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನನಗೆ ಹೆದರಿಕೆಯಾಗಿದೆ.

ಸುದ್ದಿ ಕೇಳಿದ ಗದ್ದೆಮ್ಮ ನಿನ್ನೆ ಕುಡುಗೋಲು ತಂದು ಆ ಪೈರನ್ನು ಕೊಯ್ದೇಬಿಟ್ಟಳು. ತೆನೆ ಇನ್ನೂ ಹಸಿರು, ಕಾಳಿನಲ್ಲಿ ಹಾಲು. "ಹಾಲುಗಾಳಿನ ತೆನಿಗೆ ಕುಡುಗೋಲು ಹಚ್ಚಿದ್ದು ಇದ ಮೊದ್ಲು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೊಯ್ಲಾಯಿತು, ಮಾನ್ಯರೇ. ಈ ವಾರವೇ ಡಾಂಬರು ಕಳಿಸಿ.

ಇಂತಿ,
ಗುಂಡಿಯನ್ನು ಕಂಡೂ ಕರುಬುವ ಗತಿ ಬಂದ
ಮುಸರತ್, ಬಟ್ಟೆ ಹೊಲಿಯುವವಳು, ವಳಕಮದಿನ್ನಿ