ಕೈ ಕಾಣಬೇಕು ಅಂದರು

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಹೊತ್ತು, ಹೊಲಿಗೆ ಅಂಗಡಿಯ ತುಂಬ ಯೂನಿಫಾರ್ಮಿನ ರಾಶಿ. ಫೋನಿನಲ್ಲೇ ಬರೆಯಬಹುದಿತ್ತು. ಆದರೆ ನೀನು ಎರಡು ಸಾಲು ಓದಿ ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಹಾಸ್ಟೆಲಿನ ಊಟ ಸೇರುತ್ತಿದೆಯಾ? ಕೆಮ್ಮು ಕಮ್ಮಿಯಾಯಿತಾ? ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಒಂದು ಸಲ ನನ್ನ ಬಾಯಿಂದ ಕೇಳು.

ಅಪ್ಪ ಚೆನ್ನಾಗಿದ್ದಾರೆ. ತುಂಬಾ ಚೆನ್ನಾಗಿದ್ದಾರೆ. ಆಫೀಸಿನಲ್ಲಿ ಅವರ ಮಾತಿಗೆ ಫ್ಯಾನು ಕೂಡ ತಿರುಗುವುದಿಲ್ಲ, ಆನ್‌ಲೈನ್ ಚೆಸ್ ಕ್ಲಬ್ಬಿನಲ್ಲಿ ಮಾತ್ರ ಅವರು ಅಧ್ಯಕ್ಷರು, ಎಲ್ಲರ ಬಾಯಲ್ಲೂ ಗುರುಗಳು. ಸಂಜೆ ಅವರು ಕಂಪ್ಯೂಟರಿನ ಮುಂದೆ ಶಿಷ್ಯರಿಗೆ ಪಾಠ ಹೇಳುವಾಗ ಪಕ್ಕದಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತ ಕೇಳಿಸಿಕೊಂಡೇ ನಾನು ಆಟ ಕಲಿತದ್ದು. ಅವರ ಲೆಕ್ಕದಲ್ಲಿ ನಾನು ಟೀ ತಂದಿಡುವವಳು, ಅಷ್ಟೇ.

ಮಧ್ಯಾಹ್ನ ಗಿರಾಕಿಗಳಿಲ್ಲದಾಗ ‘ಕತ್ತರಿ’ ಅನ್ನುವ ಹೆಸರಿನಲ್ಲಿ ಅದೇ ಕ್ಲಬ್ಬಿನಲ್ಲಿ ಆಡುತ್ತಿದ್ದೆ. ಕಳೆದ ತಿಂಗಳು ಅಲ್ಲಿನ ಹಲ್ಲಿನ ಡಾಕ್ಟರನ್ನು ಸೋಲಿಸಿದೆ. ಬೇಕೆಂದೇ ಕುದುರೆ ಬಿಟ್ಟುಕೊಟ್ಟು, ಅವರ ರಾಜನನ್ನು ಮೂಲೆಗೆ ತಳ್ಳಿ ಉಸಿರು ಕಟ್ಟಿಸಿದ ಆಟ. ಆ ದಿನ ಒಬ್ಬಳೇ ಕೂತು ನಕ್ಕಿದ್ದೇ ನಕ್ಕಿದ್ದು. ಡಾಕ್ಟರಿಗೆ ಹೊಟ್ಟೆ ಉರಿಯಿತು. “ಇದು ಮನುಷ್ಯರ ಆಟ ಅಲ್ಲ, ಕಂಪ್ಯೂಟರ್ ಹೇಳ್ಕೊಟ್ಟಿದೆ” ಅಂತ ದೂರು ಕೊಟ್ಟರು. ಅಂಥ ಅನುಮಾನ ಬಂದರೆ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಎಲ್ಲರೂ ನೋಡುತ್ತಿರುವಾಗ ಮತ್ತೊಂದು ಆಟ ಆಡಬೇಕು. ಮುಖ, ಕೈ, ಪರದೆ ಮೂರೂ ಕಾಣುವ ಹಾಗೆ ಕ್ಯಾಮೆರಾ ಇಡಬೇಕು. ಅಧ್ಯಕ್ಷರೇ ಅಪ್ಪಣೆ ಹೊರಡಿಸಿದರು. ಕತ್ತರಿ ಯಾರೆಂದು ಅವರಿಗೇನು ಗೊತ್ತು!

ನನಗೆ ಹೆದರಿಕೆಯಾಗಲಿಲ್ಲ ಪುಟ್ಟಿ, ಖುಷಿಯಾಯಿತು. ನೋಡಲಿ ಅಂದುಕೊಂಡೆ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನನ್ನ ಕೈ ನೋಡಲಿ. ಎರಡು ವಾರದ ಹಿಂದಿನ ಶನಿವಾರ ಸಂಜೆ ಅಂಗಡಿಯಲ್ಲೇ ತಲೆ ಬಾಚಿ, ಬಟ್ಟೆ ಕತ್ತರಿಸುವ ಮೇಜು ಒರೆಸಿ, ಪಕ್ಕದ ಝೆರಾಕ್ಸ್ ಅಂಗಡಿಯವಳ ಫೋನನ್ನೂ ಕೇಳಿ ತಂದು ದಾರದ ಡಬ್ಬಿಗೆ ಒರಗಿಸಿ ಕೂತೆ.

ನನ್ನ ಮುಖ ಕಂಡದ್ದೇ ತಡ, ಮನೆಯಲ್ಲಿ ಕಂಪ್ಯೂಟರಿನ ಮುಂದಿದ್ದ ಅಪ್ಪ ಪರದೆಯತ್ತ ಬಗ್ಗಿದರು. ಡಾಕ್ಟರು “ಯಾರಮ್ಮಾ ನೀವು?” ಅಂದರು. ನಾನು ಉತ್ತರ ಕೊಡುವಷ್ಟರಲ್ಲಿ ನನ್ನ ಮೈಕು ಬಂದ್. ಅದನ್ನು ಬಂದ್ ಮಾಡುವ ಅಧಿಕಾರ ಅಧ್ಯಕ್ಷರದ್ದು. ಆಮೇಲೆ ಅಪ್ಪ ಜೋರಾಗಿ ನಕ್ಕರು. “ಸಿಕ್ಕಿಬಿದ್ದೆ ಕಣ್ರಪ್ಪಾ! ಇವಳು ನಮ್ಮನೆಯವಳು. ಆ ಆಟ ಆಡಿದ್ದು ನಾನೇ. ನಮ್ಮ ಕಾವಲು ಎಷ್ಟು ಗಟ್ಟಿ ಇದೆ ಅಂತ ಪರೀಕ್ಷೆ ಮಾಡ್ದೆ.” ಡಾಕ್ಟರು ಕೈ ಮುಗಿದರು. “ಗುರುಗಳ ಕೈಚಳಕ ಅಂತ ನಂಗೆ ಆಗ್ಲೇ ಹೊಳೀಬೇಕಿತ್ತು” ಅಂದರು. ಚಪ್ಪಾಳೆಯೋ ಚಪ್ಪಾಳೆ. ನಾನು ಒಂದು ಕಾಲಾಳನ್ನೂ ನಡೆಸಲಿಲ್ಲ. ಪರದೆಯ ಮೂಲೆಯಲ್ಲಿ ಸುಮ್ಮನೆ ಬಾಯಿ ಆಡಿಸುತ್ತಿದ್ದೆ.

ಮನೆಗೆ ಬಂದು ಕೇಳಿದೆ, “ಯಾಕ್ರೀ ಹಾಗಂದ್ರಿ?”

“ನಿನ್ನ ಮಾನ ಉಳಿಸ್ದೆ. ಇಲ್ದಿದ್ರೆ ಕಳ್ಳಿ ಅನ್ನಿಸ್ಕೋತಿದ್ದೆ.”

“ಆಡಿ ತೋರಿಸ್ತಿದ್ನಲ್ಲಾ!”

“ಸೋತಿದ್ರೆ?” ಅಂದರು.

ಅವರ ಹೆದರಿಕೆ ನಾನು ಗೆದ್ದುಬಿಟ್ಟರೆ ಅನ್ನುವುದು. ಅದು ಇಬ್ಬರಿಗೂ ಗೊತ್ತಿತ್ತು. ಕತ್ತರಿಯ ಖಾತೆ ಮುಚ್ಚಿಸಿದ್ದಾರೆ. ಈಗ ಸಂಜೆ ಪಾಠದಲ್ಲಿ ಆ ಕುದುರೆಯನ್ನು ಯಾಕೆ ಬಿಟ್ಟುಕೊಟ್ಟದ್ದು ಅಂತ ಶಿಷ್ಯರಿಗೆ ವಿವರಿಸುತ್ತಾರೆ. ವಿವರಣೆಯೂ ತಪ್ಪು. ನಾನು ಕೇಳಿಸಿಕೊಂಡು ಗುಂಡಿ ಹಾಕುತ್ತೇನೆ. ಮೈಯೆಲ್ಲ ಉರಿಯುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ಕೆಡಿಸಿಕೊಳ್ಳಬೇಡ. ಚೆನ್ನಾಗಿ ಓದಿ ಮುಂದೆ ಬಾ. ನಿನ್ನ ಗೆಲುವು ನಿನ್ನ ಹೆಸರಿನಲ್ಲೇ ಇರಲಿ ಮಗಳೇ.

ಇಂತಿ,
ನಿನ್ನ ಅಮ್ಮ

ತಾ.ಕ.: ಅವತ್ತು ನೋಡುತ್ತಿದ್ದವರಲ್ಲಿ ಹಾಸ್ಟೆಲಿನಿಂದ ನೀನೂ ಇದ್ದೆ. ಅಪ್ಪ ಹಾಗಂದ ಕೂಡಲೇ ಎಲ್ಲರಿಗಿಂತ ಮೊದಲು ‘ನಮ್ಮಪ್ಪ ಅಂದ್ರೆ ಸುಮ್ನೇನಾ!’ ಅಂತ ಕ್ಲಬ್ಬಿನ ಚಾಟಿನಲ್ಲಿ ಬರೆದವಳು ನೀನು. ರಜೆಗೆ ಬಂದಾಗ ದಿನಾ ಅಂಗಡಿಯಲ್ಲಿ ನನ್ನೆದುರು ಕೂತು ಆಡಿ, ಸೋತು, “ಅಮ್ಮಾ, ಇಷ್ಟೆಲ್ಲ ಯಾವಾಗ ಕಲ್ತೆ?” ಅಂತ ನನ್ನನ್ನು ತಬ್ಬಿಕೊಂಡವಳೂ ನೀನೇ. ಡಾಕ್ಟರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.