ಸಾವಿರದ ನೂರಾ ಆರು ತುಂಡಿನ ಕಾರು

ಜುಲೈ 11, ಶುಕ್ರವಾರ. ಬೆಳಿಗ್ಗೆ 7.10

ಕತ್ತರಿಸಿದ್ದು ಹದಿನಾಲ್ಕು. ಕೆಟ್ಟದ್ದು ಒಂಬತ್ತು.

ಎಲ್ಲ ಕಾಗದದ ಕಾರಿನ ಬ್ರೇಕ್ ಡಿಸ್ಕ್. ಒಂದೊಂದೂ ಹುಣಸೆ ಬೀಜಕ್ಕಿಂತ ಸಣ್ಣದು. ಬ್ಲೇಡ್ ತಿರುಗಿಸುವಾಗ ಹೆಬ್ಬೆರಳು ಒಮ್ಮೆ ಅದುರುತ್ತದೆ, ಗೆರೆ ದಾಟುತ್ತದೆ. ದಾಟಿದ ಮೇಲೆ ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನಿರುತ್ತದೆ.

ಇದು ನಾಲ್ಕನೇ ಮಾಡೆಲ್. ಮೊದಲು ಹಡಗು, ಆಮೇಲೆ ಬಸ್ಸು, ವಿಮಾನ. ಹಡಗಿಗೆ ಆರುನೂರು ತುಂಡು, ಕೆಟ್ಟಿದ್ದು ನಾಲ್ಕೇ ನಾಲ್ಕು. ಆಗ ಶೋಕಿ. ಈಗ ಪರೀಕ್ಷೆ. ರೇಸ್ ಕಾರನ್ನೇ ಆರಿಸಿಕೊಂಡದ್ದು ಅದಕ್ಕೇ... ಸಾವಿರದ ನೂರಾ ಆರು ತುಂಡು, ಇಷ್ಟು ಸಣ್ಣ ಕೆಲಸ ಬೇರೆ ಯಾವುದರಲ್ಲೂ ಇಲ್ಲ. ಕೈ ಸರಿ ಇದೆಯೋ ಇಲ್ಲವೋ, ಕಾರೇ ಹೇಳಲಿ.

ತುಂಡುಗಳ ನಕ್ಷೆಯನ್ನು ದಪ್ಪ ಕಾಗದದ ಮೇಲೆ ಎರಡು ಸೆಟ್ ಪ್ರಿಂಟ್ ಹಾಕಿಸಿದ್ದೇನೆ. ಎರಡನೆಯದು ಕಪಾಟಿನ ಮೇಲೆ, ಕವರಿನಲ್ಲಿ. ಮುಟ್ಟಬಾರದು ಅಂತ ನಿಯಮ. ಕೆಟ್ಟದ್ದನ್ನೇ ಅಂಟಿಸುವುದು. ಮೋಸ ಇಲ್ಲ.

ಹೆಂಡತಿ ಮಂಗಳಾ ಹೊಲಿಗೆ ಮಷೀನಿನ ಮುಂದೆ. ಅಕ್ಕಪಕ್ಕದ ಬಿಲ್ಡಿಂಗಿನ ಹೆಂಗಸರ ಬ್ಲೌಸೆಲ್ಲ ಇವಳದ್ದೇ ಕೈ. ತಲೆ ಎತ್ತದೆ ಅಂದಳು: "ಐವತ್ತಕ್ಕ ಬಂದೀರಿ, ಇನ್ನೂ ಕಾಗದದ ಕಾರು ಮಾಡ್ಕೋತ ಕುಂಡ್ರತೀರಿ."

ನಕ್ಕೆ. ಬ್ಲೇಡ್ ಮುಚ್ಚಿಟ್ಟೆ.

ಜುಲೈ 15. ಅಂಗಡಿ, 12.40

ಮೂರು ಫೋನ್ ರಿಪೇರಿ ಮುಗಿಸಿದೆ. ಮೈಕ್ರೋಸ್ಕೋಪಿನ ಕೆಳಗೆ ಸೋಲ್ಡರಿಂಗ್ ಐರನ್ನಿನ ತುದಿ ನೋಡಿದರೆ ಗಾಬರಿ ಆಗುತ್ತದೆ—ಅಲ್ಲಿ ಎಲ್ಲವೂ ನಲವತ್ತು ಪಟ್ಟು ದೊಡ್ಡದು, ನಡುಕವೂ. ಮಣಿಕಟ್ಟಿನ ಕೆಳಗೆ ಚಾರ್ಜರಿನ ಡಬ್ಬಿ ಇಟ್ಟುಕೊಂಡು ಮಾಡಿದೆ.

ಫೈಝಲ್ ನೋಡಿದ. "ಏನು ಭಾಯಿ, ಹೊಸ ಸ್ಟೈಲಾ?" ಅಂದ. ಮಂಗಳೂರಿನವನು, ಅಂಗಡಿ ಮ್ಯಾನೇಜರ್, ಒಳ್ಳೆಯವನು. ಆದರೆ ನಮ್ಮ ವೀಸಾ ಹೊತ್ತ ಅರಬ್ ಮಾಲೀಕ, ಕಫೀಲ್, ಕೇಳಿದರೆ ಅವನೂ ನಿಜವನ್ನೇ ಹೇಳಬೇಕಾಗುತ್ತದೆ.

ಕೈ ಹೋದರೆ ಕೆಲಸ. ಕೆಲಸ ಹೋದರೆ ಇಕಾಮಾ, ಇಲ್ಲಿ ಗಲ್ಫಿನಲ್ಲಿ ಇರುವ ಪರವಾನಗಿ. ನನ್ನದು ಹೋದರೆ ಮಂಗಳಾಳದೂ. ಊರಿಗೆ, ಇಲಕಲ್ಲಿಗೆ ಹೋಗಿ ನಡುಗುವ ಕೈಯಿಂದ ಏನು ರಿಪೇರಿ ಮಾಡಲಿ? ಅದಕ್ಕೇ ಯಾರಿಗೂ ಹೇಳಿಲ್ಲ. ಈ ಡೈರಿಯೂ ಬ್ಯಾಗಿನಲ್ಲೇ, ಮನೆಯಲ್ಲಿ ತೆಗೆದಿಡುವುದಿಲ್ಲ.

ಜುಲೈ 24

ಹನ್ನೆರಡರಲ್ಲಿ ಎಂಟು ಕೆಟ್ಟವು.

ಒಂದು ಚೂರನ್ನು ಮಂಗಳಾ ಬೆಳಕಿಗೆ ಹಿಡಿದು ನೋಡಿದಳು. "ಕಣ್ಣು ಮಂಜಾಗ್ಯಾವ ನಿಮಗ. ತೋರಸ್ರಿ ಅಂದ್ರ ಕೇಳೂದಿಲ್ಲ."

"ಹೌದು ಬಿಡು, ಕಣ್ಣೇ ಇರಬೇಕು" ಅಂದೆ.

ಎಷ್ಟು ಸಲೀಸಾಗಿ ಬಂತು ಸುಳ್ಳು! ಮಧ್ಯಾಹ್ನ ಹೋಗಿ ಕನ್ನಡಕವನ್ನೂ ತಂದೆ. ನರದ ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇರೆ ತೆಗೆದುಕೊಂಡಿದ್ದೇನೆ, ಆಗಸ್ಟ್ 18ಕ್ಕೆ. ಅದು ಅವಳಿಗೆ ಗೊತ್ತಿಲ್ಲ.

ಜುಲೈ 28

ಹೊಸ ನಿಯಮ. ಕತ್ತರಿಸಿದ ದಿನ ನೋಡಬಾರದು. ತಕ್ಷಣ ಬಕ್ಲಾವಾ ಮಿಠಾಯಿಯ ಖಾಲಿ ಡಬ್ಬಿಗೆ ಹಾಕಿ ಮುಚ್ಚುವುದು. ಎಣಿಕೆ ಮರುದಿನ ಬೆಳಿಗ್ಗೆ. ಕೆಟ್ಟದ್ದು ಕಂಡರೆ ಹೆದರಿಕೆ, ಹೆದರಿಕೆಗೆ ಇನ್ನಷ್ಟು ನಡುಕ... ಆ ಚಕ್ರ ನಿಲ್ಲಬೇಕು. ಚಹಾ ಕೂಡ ಬಿಟ್ಟೆ.

ಆಗಸ್ಟ್ 2

ಹತ್ತರಲ್ಲಿ ಎರಡು! ಎರಡೇ!

ಆಗಸ್ಟ್ 6

ಹದಿನಾರರಲ್ಲಿ ಒಂದು. ಚಹಾ ಬಿಟ್ಟ ಫಲ. ಇಷ್ಟು ವರ್ಷ ದಿನಕ್ಕೆ ಎಂಟು ಲೋಟ ಕುಡಿದು ನರಗಳನ್ನು ಹಾಳು ಮಾಡಿಕೊಂಡೆ, ಕತ್ತೆ.

ಆಗಸ್ಟ್ 9

ನಿನ್ನೆ ಮೂತಿ ಅಂಟಿಸಿದ್ದೆ. ಕಾರಿನ ಮುಂಭಾಗ, ಬಾಳೆಹೂವಿನ ತುದಿಯ ಹಾಗೆ ಬಾಗಬೇಕಾದದ್ದು. ಅಂಟಿಸುವಾಗ ಒಂದು ಕಡೆ ಸೊಟ್ಟ ಅನ್ನಿಸಿತ್ತು. ಬೇಸರದಿಂದ ಹಾಗೇ ಮುಚ್ಚಿಟ್ಟು ಅಂಗಡಿಗೆ ಹೋದೆ. ಇವತ್ತು ನೋಡಿದರೆ ನೆಟ್ಟಗಿದೆ! ಅಂಟು ಒಣಗುವಾಗ ಎಳೆದುಕೊಂಡಿರಬೇಕು.

ಮಂಗಳಾಗೆ ತೋರಿಸಿದೆ. "ಚಲೋ ಆಗೇತಿ. ಕನ್ನಡಕ ಹಾಕ್ಕೊಂಡ್ರ ಎಷ್ಟ ಫರಕ್ ನೋಡ್ರಿ" ಅಂದಳು. ಮುಖ ಅರಳಿತ್ತು. ಬಹಳ ದಿನದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು.

ಆಗಸ್ಟ್ 17. ಅಂಗಡಿ, 11.00

ಡಾಕ್ಟರ್ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ.

ಫೈಝಲ್ ಪಕ್ಕಕ್ಕೆ ಕರೆದು ಹೇಳಿದ: "ಬಸವಂತ ಭಾಯಿ, ಫೋನಿನ ಬೋರ್ಡ್ ಕೆಲಸಕ್ಕೇ ಅಂತ ಕಫೀಲ್ ಬೇರೆ ಅಂಗಡಿ ಮಾಡ್ತಾನಂತೆ. ನೀವೇ ಬೇಕಂತೆ, ಎರಡು ವರ್ಷದ ಕಾಂಟ್ರ್ಯಾಕ್ಟ್. ಅಕ್ಟೋಬರಿನಲ್ಲಿ ನಿಮ್ಮ ಇಕಾಮಾ ಮುಗೀತದಲ್ಲ? ಆಗುದಾದ್ರೆ ಹೇಳಿ ಮಾರ್ರೆ. ಇಲ್ಲದಿದ್ರೆ ಅವ ಬೇರೆಯವ್ರನ್ನ ತರಿಸ್ತಾನೆ."

ಈ ತಿಂಗಳ ಎಣಿಕೆ ಮನಸ್ಸಿನಲ್ಲೇ ಹಾಕಿದೆ. ಇನ್ನೂರಾ ಮೂವತ್ತು ತುಂಡು, ಕೆಟ್ಟದ್ದು ಹತ್ತೊಂಬತ್ತು. ಆಗುತ್ತದೆ ಅಂದೆ.

ಸೆಪ್ಟೆಂಬರ್ 3. ಅಂಗಡಿ, 12.50

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಆದದ್ದು ಇಲ್ಲವಾದೀತೇ.

ಫಿಲಿಪೈನ್ಸಿನ ಹೆಂಗಸು. ಯಾರದೋ ಮನೆಯಲ್ಲಿ ಕೆಲಸ. ನೀರಿಗೆ ಬಿದ್ದ ಫೋನು, ಮಗನ ನಾಲ್ಕು ವರ್ಷದ ಫೋಟೋಗಳು ಅದರಲ್ಲೇ, ಬೇರೆಲ್ಲೂ ಇಲ್ಲ. ಬೆಳಿಗ್ಗೆಯಿಂದ ಸ್ಟೂಲಿನ ಮೇಲೆ ಕಾದು ಕೂತಿದ್ದಳು. ಎಲ್ಲ ಸರಿಯಾಗಿತ್ತು, ಕೊನೆಯ ಒಂದು ಬೆಸುಗೆ ಬಾಕಿ. ಹೆಬ್ಬೆರಳು ಅದುರಿತು. ಐರನ್ ಜಾರಿ ಮೆಮೊರಿ ಚಿಪ್ಪಿನ ಮೇಲೇ ಹೋಯಿತು. ಖಲಾಸ್.

ಫೈಝಲ್ ಹೊಸ ಫೋನ್ ಕೊಡುತ್ತೇವೆ ಅಂದ. ಅವಳು ಹಳೆಯದನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ನನ್ನನ್ನು ಬೈಯಲೂ ಇಲ್ಲ.

ಎಸಿ ಗಾಳಿ ನೇರ ಕೈಮೇಲೆ ಬೀಳುತ್ತಿತ್ತು ಅಂದೆ. ಫೈಝಲ್ ಎಸಿಯ ದಿಕ್ಕು ಬದಲಿಸಿದ, ಪಾಪ.

ಕಾರಿನ ಮುಂದೆ ಸರಿಯಿರುವ ಕೈ ಇಲ್ಲಿ ಏಕೆ ಹೀಗೆ? ನಿನ್ನೆಯ ಹನ್ನೊಂದರಲ್ಲಿ ಒಂದೇ ಕೆಟ್ಟಿತ್ತು. ಒಂದೇ.

ಸೆಪ್ಟೆಂಬರ್ 5, ಶುಕ್ರವಾರ. ಮಧ್ಯಾಹ್ನ 2.00

ಬೆಳಿಗ್ಗೆಯಿಂದ ಬಿಲ್ಡಿಂಗಿನ ಎಸಿ ನಿಂತಿದೆ. ವಾಚ್‌ಮನ್ ಈಜಿಪ್ಟಿನವನು. ಕೇಳಿದರೆ ನಾಳೆ ಅನ್ನುತ್ತಾನೆ. ಹೊರಗೆ ಸಮುದ್ರದ ಹಸಿ ಗಾಳಿ. ಗೋಡೆಯೂ ಬೆವರುತ್ತಿದೆ.

ಕಾಗದ ಮೆತ್ತಗಾಗಿ ಕಾರಿನ ಮೂತಿ ಅಂಟು ಬಿಟ್ಟಿತು. ಮತ್ತೆ ಅಂಟಿಸೋಣ ಅಂತ ಬಿಡಿಸಿದೆ. ಅಂಚಿನಲ್ಲಿ ಒಳಕ್ಕೆ ಮಡಚಿ ಅಂಟು ಹಚ್ಚುವ ಪಟ್ಟಿ ಇರುತ್ತದೆ. ನಾನು ಅದನ್ನು ಉದ್ದಕ್ಕೆ ಹಾಗೇ ಮಡಚುತ್ತೇನೆ. ನಕ್ಷೆಯಲ್ಲೂ ಹಾಗೇ ಇದೆ. ಇಲ್ಲಿ ಪಟ್ಟಿಯ ತುಂಬ ಕಚ್ಚುಗಳು. ಸಣ್ಣ ಸಣ್ಣ, ಒಂದೇ ಅಂತರದ ಕಚ್ಚು. ಬಾಗು ಹೆಚ್ಚಿದ್ದಲ್ಲಿ ಒತ್ತೊತ್ತಾಗಿ, ಕಡಿಮೆ ಇದ್ದಲ್ಲಿ ದೂರ ದೂರ.

ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ ಇದನ್ನು. ತೋಳು ಕೂಡಿಸುವ ಮುಂಚೆ ಬ್ಲೌಸಿನ ಕಂಕುಳ ಸುತ್ತಿಗೆ ಮಂಗಳಾ ಹೀಗೇ ಕಚ್ಚು ಹಾಕುತ್ತಾಳೆ. ಹಾಕದಿದ್ದರೆ ಸುತ್ತು ನೆಟ್ಟಗೆ ಕೂರುವುದಿಲ್ಲವಂತೆ.

ಕುರ್ಚಿ ಹತ್ತಿ ಕವರ್ ಇಳಿಸಿದೆ. ಎರಡನೇ ಸೆಟ್ಟಿನ ಹದಿಮೂರು ಹಾಳೆಯ ತುಂಬ ತುಂಡು ಕತ್ತರಿಸಿ ತೆಗೆದ ತೂತು.

ನಾನು ಅಂಗಡಿಗೆ ಹೋದ ಮೇಲೆ, ಸಂಜೆ, ಇದೇ ಮೇಜಿನ ಮುಂದೆ ಕೂತು ಅವಳೇ ಕತ್ತರಿಸಿ ಡಬ್ಬಿಯಲ್ಲಿ ಬದಲಿಸಿಟ್ಟಿದ್ದಾಳೆ.

ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟು ಬಂತು, ಕೂಗಬೇಕು ಅನ್ನಿಸುವಷ್ಟು. ಆದರೆ ಏನಂತ ಕೂಗಲಿ? ಕಣ್ಣು ಅಂತ ಹೇಳಿದವನು ನಾನು. ಕಣ್ಣು ಕಾಣದ ಗಂಡನ ಮರ್ಯಾದೆ ಉಳಿಸಿದ್ದಾಳೆ, ಅಷ್ಟೇ.

ಮೂತಿಯನ್ನು ಹಾಗೇ ಮುಚ್ಚಿ ಅಂಟಿಸಿದೆ.

ಸೆಪ್ಟೆಂಬರ್ 6. ಬೆಳಿಗ್ಗೆ 7.30

ಹತ್ತು ಕತ್ತರಿಸಿದೆ. ಡಬ್ಬಿಗೆ ಹಾಕದೆ ಅಲ್ಲೇ ನೋಡಿದೆ. ಹತ್ತೂ ಕೆಟ್ಟಿವೆ. ಜುಲೈಗಿಂತ ಹೆಚ್ಚು.

ಅವಳು ಸ್ನಾನಕ್ಕೆ ಹೋದಾಗ ಮಷೀನಿನ ಖಾನೆ ಎಳೆದೆ. ಲೈನಿಂಗ್ ಬಟ್ಟೆಯ ಗಂಟೊಂದು. ಬಿಚ್ಚಿದರೆ ನಾನು ಕೆಡಿಸಿದ ತುಂಡುಗಳೆಲ್ಲ ಅದರಲ್ಲಿ. ಎಸೆದಿಲ್ಲ. ಏಕೆ ಇಟ್ಟಿದ್ದಾಳೋ ತಿಳಿಯಲಿಲ್ಲ. ಎಣಿಸಿದೆ, ಇನ್ನೂರಾ ತೊಂಬತ್ತಮೂರು.

ದಿನಾ ಒಂದೋ ಎರಡೋ ಕೆಟ್ಟದ್ದನ್ನು ಡಬ್ಬಿಯಲ್ಲೇ ಬಿಡುತ್ತಿದ್ದಳು. ನನಗೆ ಅನುಮಾನ ಬರಬಾರದಲ್ಲ.

ಸೆಪ್ಟೆಂಬರ್ 9

ದಿನಾ ಕತ್ತರಿಸುತ್ತೇನೆ, ಡಬ್ಬಿಗೆ ಹಾಕುತ್ತೇನೆ. ಮರುದಿನ ತೆಗೆದು "ಚಲೋ ಬಂದೇತಿ" ಅನ್ನುತ್ತೇನೆ. ಅವಳಿಗೆ ಖುಷಿ. ನಾಟಕ ಈಗ ಇಬ್ಬರದೂ.

ಇವತ್ತು ತನ್ನ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ನಿಮ್ಮ ಮಾವಾರ ಕೈ ಅಂದ್ರ ಕೈ ಅದು. ಸೂಜಿ ಮೊನಿಯಷ್ಟ ಕೆಲಸ ಮಾಡ್ತಾರ. ಇನ್ನೆರಡು ವರ್ಷ ಇಲ್ಲೇ ಅಂತ ಆತು ನೋಡು."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಬಹಳ ಹೊತ್ತು.

ಸೆಪ್ಟೆಂಬರ್ 11. ಅಂಗಡಿ, ರಾತ್ರಿ 8.15

ಕಾಂಟ್ರ್ಯಾಕ್ಟ್ ಬಂತು. ಅರಬಿ ಒಂದು ಪುಟ, ಇಂಗ್ಲಿಷ್ ಒಂದು ಪುಟ. "ಭಾನುವಾರ ಸಂಜೆ ಕಫೀಲ್ ಬರ್ತಾನೆ. ಅಷ್ಟರಲ್ಲಿ ಸೈನ್ ಹಾಕಿಡಿ ಭಾಯಿ" ಅಂದ ಫೈಝಲ್.

ರಫ್ ಕಾಗದದ ಮೇಲೆ ಸಹಿ ಹಾಕಿ ನೋಡಿದೆ. ಐದು ಸಲ. ಐದು ಜನ ಹಾಕಿದ ಹಾಗಿದೆ. ಈ ಡೈರಿಯಲ್ಲೂ ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತಿವೆ. ತಿಂಗಳಿಂದ ಇಳಿಯುತ್ತಲೇ ಇದ್ದವೇನೋ. ನಾನು ಬರೀ ಡಬ್ಬಿ ನೋಡುತ್ತಿದ್ದೆ.

ಸಹಿ ಹಾಕಿದರೆ ಎರಡು ವರ್ಷ ಮಂಗಳಾ ನೆಮ್ಮದಿಯಿಂದ ಇರುತ್ತಾಳೆ. ಎರಡು ವರ್ಷವೇ? ಎರಡು ತಿಂಗಳು ಇದ್ದರೆ ಹೆಚ್ಚು. ಅಷ್ಟರಲ್ಲಿ ಸ್ಟೂಲಿನ ಮೇಲೆ ಇನ್ನೆಷ್ಟು ಜನ ಕಾದು ಕೂರಬೇಕು...

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 8.00

ಮಂಗಳಾಗೆ ನಿಜ ಹೇಳಲು ನಾಲ್ಕು ಸಲ ಬಾಯಿ ತೆರೆದೆ. ಆಗಲಿಲ್ಲ. ಒಮ್ಮೆ "ಏನ್ರೀ?" ಅಂತ ಕೇಳಿದಳು ಕೂಡ. ಸಾರಿಗೆ ಉಪ್ಪು ಕಡಿಮೆ ಅಂದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸಾರಿನ ಉಪ್ಪಿನ ಬಗ್ಗೆ ಮಾತ್ರ ಧೈರ್ಯ.

ಉಳಿದಿರುವುದು ಹಿಂದಿನ ರೆಕ್ಕೆ. ಕತ್ತರಿಸಿದೆ. ಅಂಚೆಲ್ಲ ಇಲಿ ಕಡಿದ ಹಾಗೆ. ಮಗುಚಿ, ಬಿಳಿ ಬದಿಯಲ್ಲಿ ಬರೆದೆ: ಕಣ್ಣಲ್ಲ. ಕೈ.

ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಅದೇ ದಿನ. ಅಂಗಡಿ, ಸಂಜೆ 5.20

ಐದಕ್ಕೆ ಬ್ಲೌಸು ಬದಿಗಿಟ್ಟು ಡಬ್ಬಿ ತೆಗೆಯುತ್ತಾಳೆ ಅಂತ ನನ್ನ ಲೆಕ್ಕ. ತೆಗೆದಿರಬೇಕು.

ಕಾಂಟ್ರ್ಯಾಕ್ಟ್ ಮುಂದೆ ಇದೆ. ಪೆನ್ ಹಿಡಿದದ್ದು ಮಾತ್ರ ಈ ಡೈರಿಗೆ. ಫೈಝಲ್ ಎರಡು ಸಲ ಬಂದು ನೋಡಿ ಹೋದ.

5.35

ಫೋನಿಲ್ಲ. ಮೆಸೇಜಿಲ್ಲ. ಗಿರಾಕಿಯೊಬ್ಬ ಬಂದು ಗ್ಲಾಸ್ ಹಾಕಿಕೊಡು ಅಂದ. ಬೇರೆಯವರಿಗೆ ಕೊಟ್ಟೆ. ಏಳು ವಾರದ ಮೇಲೆ ಚಹಾ ತರಿಸಿ ಕುಡಿದೆ. ಇನ್ನೇಕೆ ಬಿಡುವುದು.

5.50

ಫೋನ್ ಬಂತು. ಮಂಗಳಾ. ಎತ್ತಿದೆ. ಹಿಂದೆ ಮಷೀನಿನ ಸದ್ದಿಲ್ಲ. ಕಾಂಟ್ರ್ಯಾಕ್ಟ್ ಬದಿಗೆ ಸರಿಸಿದೆ.

ಬಹಳ ಮೆಲ್ಲಗೆ ಕೇಳಿದಳು: "ಯಾವ ಕೈ ರೀ?"

ಇನ್ನೂ ಲೈನಿನಲ್ಲೇ ಇದ್ದಾಳೆ. ಎಡಗೈಯಲ್ಲಿ ಫೋನು. ಹೇಳಬೇಕು. ಇದೇ ಕೈ, ಇದನ್ನು ಬರೆಯುತ್ತಿರುವ ಬಲಗೈ...