ಹಿತ್ತಿಲಿನಿಂದ ಮುಂಬಾಗಿಲಿಗೆ

ಚಿಕ್ಕಲಸಂದ್ರ
೯-೩-೧೯೯೭

ಮುದ್ದು ರೇಖಾಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಮೈಸೂರಿನ ಹಾಸ್ಟೆಲ್ ಊಟ ಈಗಲಾದರೂ ಸೇರುತ್ತಿದೆಯೇ? ಕಾಲೇಜಿನ ಪ್ರಬಂಧಕ್ಕೆ ನಮ್ಮ ಕಲ್ಲುಮನೆಯ ಚರಿತ್ರೆ ಬೇಕೆಂದು ಕೇಳಿದ್ದೀಯ. ಬಾವಿಯ ಚರಿತ್ರೆಯನ್ನು ಅದರೊಳಗಿನ ಕಪ್ಪೆಯನ್ನೇ ಕೇಳಿದ ಹಾಗಾಯಿತು.

ಮನೆ ಕಟ್ಟಿಸಿದವರು ನಿನ್ನ ಮುತ್ತಾತ ಸಂಜೀವಯ್ಯ. ಆಗ ಇಲ್ಲಿ ಎರಡು ದಿಬ್ಬಗಳ ನಡುವೆ ತಗ್ಗು, ರಾಗಿ ಹೊಲ, ಕೆರೆಯ ಕಾಲುವೆ. ಗಾಳಿಗೆ ಹೆಂಚು ಹಾರುತ್ತದೆಂದು ಸೂರಿಗೂ ಕಲ್ಲುಚಪ್ಪಡಿಯನ್ನೇ ಹೊದಿಸಿದರಂತೆ. ಕಳ್ಳರ ಭಯಕ್ಕೆ ಕಿಟಕಿ ಇಡಿಸಲಿಲ್ಲ. ಈಗ ದಿಬ್ಬದ ಮೇಲೆಲ್ಲ ಲೇಔಟ್. ಟಾರು ಹಾಕಿದಾಗಲೆಲ್ಲ ರಸ್ತೆ ಮೇಲೇರಿ, ಮನೆ ಇನ್ನಷ್ಟು ಕೆಳಗಾಗಿದೆ. ಹೊಸಿಲ ಮೇಲೆ ಕೂತರೆ ಜನರ ಕಾಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಹಾಲಿನವನು ಬಂದನೆಂದು ಅವನ ಚಪ್ಪಲಿ ನೋಡಿ ತಿಳಿಯುತ್ತೇನೆ.

ಇನ್ನು ಪ್ರಬಂಧಕ್ಕೆ ಬೇಡದ ಚರಿತ್ರೆ. ಗಂಡ ಸತ್ತ ಮೇಲೆ ನನ್ನಮ್ಮ ನನ್ನನ್ನೂ ನನ್ನ ತಮ್ಮ ವೇಣುವನ್ನೂ ಕರೆದುಕೊಂಡು ತವರಾದ ಈ ಮನೆಗೇ ಬಂದಳು. ನಾನು ಬೆಳೆದದ್ದು ಇಲ್ಲೇ. ಕೊಟ್ಟದ್ದೂ ಇಲ್ಲಿಗೇ, ಸೋದರಮಾವನಾದ ನಿಮ್ಮಪ್ಪನಿಗೆ. ಹೆಣ್ಣು ಕಳಿಸುವ ಶಾಸ್ತ್ರ ಆಗಬೇಕಲ್ಲ? ಹಿತ್ತಿಲ ಬಾಗಿಲಿನಿಂದ ಹೊರಗೆ ಕಳಿಸಿ, ಬಾವಿ ಸುತ್ತಿಸಿ, ಮುಂಬಾಗಿಲಲ್ಲಿ ಸೇರು ಒದೆಸಿ ಒಳಗೆ ಕರೆದುಕೊಂಡರು. ಜನ ನಕ್ಕರು, ನಾನೂ ನಕ್ಕೆ. ಆಮೇಲೆ ನಿಮ್ಮಪ್ಪನ ಮೇಲೆ ಸಿಟ್ಟು ಬಂದಾಗ ಹೋಗಲು ತವರೆಲ್ಲಿ? ನಡುಮನೆಯಿಂದ ಅಡಿಗೆಮನೆಗೆ ಹೋಗುತ್ತಿದ್ದೆ.

ಈಗ ನನಗೆ ಅಜ್ಜಿಯೂ ಅತ್ತೆಯೂ ಆದ ನಿಮ್ಮಜ್ಜಿ ರುದ್ರಮ್ಮನಿಗೆ ಮತ್ತೆ ಅದೇ ಹಟ. "ವೇಣುಗೆ ಹೊರಗಿನೋಳ್ನ ತಂದ್ರೆ ಮನೆ ಎರಡಾಗುತ್ತೆ ಕಣೇ. ನಮ್ ರೇಖಾನ್ನೇ ಕೊಟ್ಬಿಡೋಣ," ಅನ್ನುತ್ತಾರೆ. ನಿಮ್ಮಪ್ಪ, "ಅಮ್ಮ ಹೇಳಿದ್ಮೇಲೆ ಮುಗೀತು," ಎಂದು ಪೇಪರ್ ಮಡಿಸಿ ಎದ್ದು ಹೋದರು. ವೇಣು ಕೆಟ್ಟವನಲ್ಲ. ನಿನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅದಕ್ಕೇ ಅವನನ್ನು ನಿನಗೆ ಗಂಡನೆಂದು ನೋಡಲಾರೆ.

ನಿನ್ನನ್ನು ಕರೆಸಲು, "ಅಮ್ಮನಿಗೆ ಹುಷಾರಿಲ್ಲ, ಕೂಡಲೇ ಬಾ" ಎಂದು ಬರೆಯಲು ನನಗೇ ಹೇಳಿದ್ದಾರೆ. ಈ ಲಕೋಟೆಯಲ್ಲಿ ಅದೇ ಇದೆಯೆಂದು ಅವರ ನಂಬಿಕೆ. ನನಗೇನೂ ಆಗಿಲ್ಲ ಮಗಳೇ, ಗುಂಡುಕಲ್ಲಿನ ಹಾಗಿದ್ದೇನೆ. ರಜೆಗೆ ಬರಬೇಡ. ಯಾರು ಫೋನ್ ಮಾಡಿದರೂ ಬರಬೇಡ. ನಿನ್ನ ಮುಖ ನೋಡಬೇಕೆಂದು ಜೀವ ಎಳೆಯುತ್ತದೆ, ಆದರೂ ಬರಬೇಡ. ಓದು ಮುಗಿಸಿ ಕೆಲಸ ಹಿಡಿ. ಕಿಟಕಿಗಳಿರುವ ಮನೆಯಲ್ಲಿ ಬಾಳು.

ನಿನ್ನ ಅಮ್ಮ,
ಸರಸ್ವತಿ

ಮತ್ತೊಂದು ಮಾತು: ನಿನಗೆ ಯಾವತ್ತೂ ಹೇಳಿರಲಿಲ್ಲ, ನಾನೂ ನರ್ಸಿಂಗ್ ಕಲಿಯಲು ತುಮಕೂರಿಗೆ ಹೋಗಿದ್ದೆ. ಅಮ್ಮನಿಗೆ ಹುಷಾರಿಲ್ಲವೆಂದು ಕಾಗದ ಬಂತು. ಅಮ್ಮನದೇ ಅಕ್ಷರ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ. ಅವಳು ಒರಳಿನ ಮುಂದೆ ಕೂತು ನನ್ನ ಮದುವೆಯ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು.